ನಯಾಗರ ಕಮರಿಯ ಶೋಲ್ಕಾಫ್ ವಿದ್ಯುತ್ ಕೇಂದ್ರದ ಅವಶೇಷ: ಜಲಪಾತದ ನೆರಳಲ್ಲಿ ಮರೆತುಹೋದ ಗೋಡೆ

ನಯಾಗರ ನೋಡಲು ಬರುವ ನಮ್ಮವರ ಓಡಾಟ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಬೆಳಗ್ಗೆ ದೋಣಿ, ಮಧ್ಯಾಹ್ನ ಗೋಟ್ ದ್ವೀಪ, ಸಂಜೆ ದೀಪಗಳ ಬೆಳಕಿನಲ್ಲಿ ಮತ್ತೊಮ್ಮೆ ಜಲಪಾತ, ಅಷ್ಟಾದ ಮೇಲೆ ಹಿಂದಿರುಗುವ ದಾರಿ. ಹಿಂದೆ ಎರಡು ಸಲ ನಾನೂ ಹಾಗೆಯೇ ನೋಡಿ ಬಂದಿದ್ದೆ. ಮೂರನೆಯ ಸಲ ಅಪ್ಪನನ್ನು ಕರೆದುಕೊಂಡು ಹೋದಾಗ, ಅಮೆರಿಕದ ದಡದಲ್ಲಿ, ಕೆನಡಾಕ್ಕೆ ದಾಟುವ ರೇನ್‌ಬೋ ಸೇತುವೆಯಿಂದ ಸ್ವಲ್ಪ ಕೆಳಗೆ, ಕಮರಿಯ ಗೋಡೆಗೆ ಅಂಟಿಕೊಂಡಂತೆ ಉಳಿದಿರುವ ಶೋಲ್ಕಾಫ್ ಜಲವಿದ್ಯುತ್ ಕೇಂದ್ರದ ಅವಶೇಷಗಳ ಬಳಿ ಇಡೀ ಮಧ್ಯಾಹ್ನ ಕಳೆದೆವು. ಜಲಪಾತವನ್ನು ನೋಡಿದವರು ನೀರಿನ ಸೊಬಗನ್ನು ಕಂಡಿರುತ್ತಾರೆ, ಆದರೆ ಆ ನೀರನ್ನು ಮನುಷ್ಯ ಹಿಡಿದು ದುಡಿಸಿದ್ದು ಹೇಗೆ, ಅದೇ ನೀರು ಅವನ ಕೈಯಿಂದ ತಪ್ಪಿಸಿಕೊಂಡದ್ದು ಹೇಗೆ ಎಂಬುದನ್ನು ಒಂದೇ ಜಾಗದಲ್ಲಿ ನಿಂತು ನೋಡಬೇಕಾದರೆ ಈ ಗೋಡೆಯ ಬುಡಕ್ಕೇ ಬರಬೇಕು. ನಯಾಗರಕ್ಕೆ ಒಂದು ದಿನ ಇಟ್ಟುಕೊಂಡವರು ಅದರಲ್ಲಿ ಎರಡು ಗಂಟೆಯನ್ನು ಇದಕ್ಕೆ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ದಾರಿ ಸುಲಭ. ಪ್ರಾಸ್ಪೆಕ್ಟ್ ಪಾಯಿಂಟ್‌ನ ವೀಕ್ಷಣಾ ಗೋಪುರದಿಂದ ನದಿ ಹರಿಯುವ ದಿಕ್ಕಿನಲ್ಲೇ, ಉತ್ತರಕ್ಕೆ, ಕಮರಿಯ ಅಂಚಿನ ಕಾಲುದಾರಿಯಲ್ಲಿ ನಡೆದರೆ ಸೇತುವೆಯ ಅಡಿಯಿಂದ ಹಾದು ಆಚೆ ಬರುತ್ತೇವೆ. ನಿಧಾನವಾಗಿ ನಡೆಯುವವರಿಗೂ ಇಪ್ಪತ್ತು ನಿಮಿಷ ಸಾಕು. ಸೇತುವೆ ದಾಟಿದ ಕೂಡಲೇ ಜನಸಂದಣಿ ಕರಗುತ್ತದೆ, ಜಲಪಾತದ ಮೊರೆತ ಬೆನ್ನ ಹಿಂದೆ ತಗ್ಗುತ್ತದೆ. ಅಲ್ಲಿಂದ ಕಮರಿಯ ತಳಕ್ಕೆ ಇಳಿಯಲು ಲಿಫ್ಟ್ ಇದೆ. ನಾವು ಹೋದ ದಿನ ಇದಕ್ಕೆ ಯಾರೂ ಹಣ ಕೇಳಲಿಲ್ಲ. ಮಂಡಿನೋವಿನ ಅಪ್ಪನಿಗೆ ಒಂದು ಮೆಟ್ಟಿಲನ್ನೂ ಹತ್ತಿಸದೆ ಇಳಿಸಿ, ಮತ್ತೆ ಹತ್ತಿಸಿಕೊಂಡು ಬರಲು ಆದದ್ದೇ ದೊಡ್ಡ ಸಮಾಧಾನ. ವಯಸ್ಸಾದ ತಂದೆತಾಯಂದಿರನ್ನು ಕರೆತರುವವರು ಇದನ್ನು ಗಮನಿಸಬೇಕು, ಏಕೆಂದರೆ ಈ ಕಮರಿಯ ತಳಕ್ಕೆ ಇಳಿಯುವ ಉಳಿದ ಕಾಲುದಾರಿಗಳಲ್ಲಿ ಬಹುಪಾಲು ಕಡಿದಾದ ಕಲ್ಲು ಮೆಟ್ಟಿಲುಗಳೇ ಆಗಿವೆ.

ಕೆಳಗೆ ಇಳಿದು ಹೊರಬಂದಾಗ ಮೊದಲು ಕಣ್ಣಿಗೆ ಬೀಳುವುದು ನದಿಯೇ. ಹಸಿರು ಬಣ್ಣದ, ನೊರೆಯ ಗೆರೆಗಳಿರುವ, ಮೇಲಿನಿಂದ ನೋಡುವಾಗ ನಿಂತಂತೆ ತೋರುವ, ಹತ್ತಿರ ಹೋದರೆ ವೇಗಕ್ಕೆ ಎದೆ ನಡುಗಿಸುವ ನೀರು. ಬೆನ್ನು ತಿರುಗಿಸಿದಾಗ ಗೋಡೆ ಕಾಣುತ್ತದೆ. ಬಂಡೆ ಎಲ್ಲಿ ಮುಗಿಯಿತು, ಕಟ್ಟಡ ಎಲ್ಲಿ ಶುರುವಾಯಿತು ಎಂದು ತಕ್ಷಣಕ್ಕೆ ಹೇಳಲಾಗದು. ಪದರಪದರವಾಗಿ ಸೀಳಿದ ಕಂದು ಬಂಡೆಯ ಮೇಲೆ, ಅಚ್ಚುಕಟ್ಟಾಗಿ ಕೆತ್ತಿದ ಕಲ್ಲುಗಳ ಸಾಲುಗಳು ಒಂದಿಷ್ಟು ದೂರ ನೇರವಾಗಿ ಸಾಗಿ, ಹಠಾತ್ತನೆ ಕಿತ್ತುಹೋದಂತೆ ನಿಲ್ಲುತ್ತವೆ. ನಾನು ಒಂದು ಕಲ್ಲನ್ನು ಬಹಳ ಹೊತ್ತು ನೋಡುತ್ತ ನಿಂತೆ. ಅದರ ಮುಖದ ಮೇಲೆ ಉಳಿಯ ಓರೆ ಗೆರೆಗಳು ಇನ್ನೂ ಸ್ಪಷ್ಟವಾಗಿದ್ದವು, ಸಂದಿನ ಗಾರೆಯಿಂದ ಇಳಿದ ಸುಣ್ಣ ಬಿಳಿ ನಾಲಗೆಯ ಹಾಗೆ ಹೆಪ್ಪುಗಟ್ಟಿತ್ತು, ಆ ಬಿಳುಪಿನ ತುದಿಯಲ್ಲಿ ಒಂದು ಹನಿ ನೀರು ತುಂಬಿಕೊಳ್ಳುತ್ತ, ಬೀಳದೆ ತೂಗುತ್ತಿತ್ತು. ಅದರ ಪಕ್ಕದ ಸಂದಿಯಲ್ಲಿ ಒಂದು ಪುಟ್ಟ ಜರೀಗಿಡ ಬೇರು ಬಿಟ್ಟಿತ್ತು. ಆ ಒಂದು ಹನಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಈ ಕೇಂದ್ರದ ಕಥೆಯ ಕೊನೆಯ ಭಾಗವೆಲ್ಲ ಅದಕ್ಕೇ ಸೇರಿದ್ದು.

ಕಥೆಯ ಮೊದಲ ಭಾಗ ಒಂದು ಕಾಲುವೆಯದು. ಜಲಪಾತದ ಮೇಲ್ಭಾಗದ ನದಿಯಿಂದ ನೀರನ್ನು ತಿರುಗಿಸಿ, ಊರಿನ ನಡುವೆ ಹಾಯಿಸಿ, ಜಲಪಾತದ ಕೆಳಗಿನ ಕಮರಿಯ ಅಂಚಿಗೆ ತಂದು ನಿಲ್ಲಿಸುವ ಕೆಲಸ 1853ರಲ್ಲಿ ಆರಂಭವಾಯಿತು. ನದಿ ಇಲ್ಲಿ ಬಾಗುವುದರಿಂದ, ಬಾಗಿನ ಎರಡು ತುದಿಗಳನ್ನು ಕಾಲುವೆಯಿಂದ ಸೇರಿಸಿದರೆ ಅಷ್ಟೂ ಎತ್ತರದ ಧುಮುಕು ಪುಕ್ಕಟೆಯಾಗಿ ಕೈಗೆ ಸಿಗುತ್ತದೆ. ಯೋಚನೆ ಸರಿಯಾಗಿಯೇ ಇತ್ತು, ಆದರೆ ಹಣ ಹಾಕಿದವರೆಲ್ಲ ಕೈ ಸುಟ್ಟುಕೊಂಡರು. ಕೊನೆಗೆ 1877ರಲ್ಲಿ ಕಾಲುವೆ ಹರಾಜಿಗೆ ಬಂದಾಗ, ಬಫಲೋ ನಗರದಲ್ಲಿ ತೊಗಲು ಹದಮಾಡುವ ಉದ್ಯಮದಿಂದ ಮೇಲೆ ಬಂದ, ಜರ್ಮನಿಯಲ್ಲಿ ಹುಟ್ಟಿದ ಜೇಕಬ್ ಶೋಲ್ಕಾಫ್ ಅದನ್ನು 71,000 ಡಾಲರಿಗೆ ಕೊಂಡರು. ಕಮರಿಯ ಅಂಚಿನಲ್ಲಿ ಹಿಟ್ಟಿನ ಗಿರಣಿ, ಕಾಗದದ ಗಿರಣಿಗಳು ಎದ್ದವು. 1881ರಲ್ಲಿ ಬಂಡೆಯ ಬುಡದಲ್ಲಿ ಪುಟ್ಟದೊಂದು ವಿದ್ಯುತ್ ಕೇಂದ್ರ ತಲೆಯೆತ್ತಿ, ಊರಿನ ಬೀದಿದೀಪಗಳಿಗೆ ವಿದ್ಯುತ್ ಕೊಡತೊಡಗಿತು. ದಿಕ್ಕು ಬದಲಿಸುತ್ತ ಹರಿಯುವ ಪರ್ಯಾಯ ವಿದ್ಯುತ್ತಿನ (ಎಸಿ) ಕಾಲ ಅದಿನ್ನೂ ಬಂದಿರಲಿಲ್ಲ. ಹುಟ್ಟಿದ ಕರೆಂಟು ನೇರ ಪ್ರವಾಹದ್ದು, ಹೆಚ್ಚು ದೂರ ಸಾಗಿಸಲು ಒಗ್ಗದ್ದು, ಆದ್ದರಿಂದ ಅದು ಹತ್ತಿರದ ದೀಪಗಳಿಗಷ್ಟೇ ಸಾಕಾಯಿತು.

ಆ ಗಿರಣಿಗಳ ಕಾಲದ ಛಾಯಾಚಿತ್ರಗಳನ್ನು ಇಲ್ಲಿಗೆ ಬರುವ ಮೊದಲೇ ಒಮ್ಮೆ ಹುಡುಕಿ ನೋಡಿಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಬಂಡೆಯ ಮೇಲಂಚಿನಲ್ಲಿ ಗಿರಣಿಗಳ ಸಾಲು, ಅವುಗಳ ಕೆಳಗೆ ಬಂಡೆಯ ಅರ್ಧದಲ್ಲಿ ತೂತುಗಳು, ಪ್ರತಿ ತೂತಿನಿಂದ ಒಂದೊಂದು ಬಿಳಿ ಜಲಧಾರೆ. ನೋಡಲು ಚೆಂದ, ಆದರೆ ತಿಳಿದವರಿಗೆ ಅದು ನಷ್ಟದ ಚಿತ್ರ. ಗಿರಣಿಯವರು ತಮ್ಮ ಚಕ್ರಕ್ಕೆ ಬೇಕಾದ ಸ್ವಲ್ಪ ಎತ್ತರವನ್ನಷ್ಟೇ ಬಳಸಿಕೊಂಡು, ಉಳಿದ ನೂರಕ್ಕೂ ಹೆಚ್ಚು ಅಡಿಯ ಧುಮುಕನ್ನು ಹಾಗೆಯೇ ಗಾಳಿಗೆ ಬಿಡುತ್ತಿದ್ದರು. ಇಲ್ಲಿ ಒಟ್ಟು ಸಿಗುತ್ತಿದ್ದ ಎತ್ತರ ಸುಮಾರು 210 ಅಡಿ, ಎಂದರೆ 64 ಮೀಟರ್. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಈ ಎತ್ತರದಿಂದ ಇಳಿದರೆ ಲೆಕ್ಕದ ಪ್ರಕಾರ ಆರುನೂರು ಕಿಲೋವ್ಯಾಟಿಗೂ ಹೆಚ್ಚು ಶಕ್ತಿ ಬರುತ್ತದೆ. ಕಾಲು ಭಾಗ ಎತ್ತರವನ್ನಷ್ಟೇ ಬಳಸಿದರೆ ಕಾಲು ಭಾಗ ಶಕ್ತಿ, ಅಷ್ಟೆ. ಟರ್ಬೈನನ್ನು ಮೇಲಿಂದ ಕೆಳಕ್ಕೆ, ನದಿಯ ಮಟ್ಟಕ್ಕೆ ತಂದು, ನೀರನ್ನು ಉಕ್ಕಿನ ಕೊಳವೆಯಲ್ಲಿ ಕಟ್ಟಿ ಇಳಿಸಿದ ದಿನವೇ ಈ ಜಾಗದ ಅದೃಷ್ಟ ಬದಲಾಯಿತು. ಈ ಗೋಡೆಯ ಬುಡದಲ್ಲಿ ನಿಂತು ತಲೆಯೆತ್ತಿ ಮೇಲಂಚನ್ನು ನೋಡಿದಾಗ, ಪಠ್ಯಪುಸ್ತಕದಲ್ಲಿ ಒಂದು ಅಕ್ಷರವಾಗಿದ್ದ ‘ಎತ್ತರ’ ಕತ್ತಿನ ನೋವಾಗಿ ಅರ್ಥವಾಗುತ್ತದೆ.

ಅಪ್ಪ ಮೂವತ್ತು ವರ್ಷ ಜಲವಿದ್ಯುತ್ ಕೇಂದ್ರದಲ್ಲಿ ಪಾಳಿಯ ಮೇಲೆ ಆಪರೇಟರ್ ಆಗಿದ್ದವರು. ಜಲಪಾತದ ಎದುರು ಹತ್ತು ನಿಮಿಷ ನಿಂತು ಸುಮ್ಮನೆ ಕೈ ಮುಗಿದು ಬಂದಿದ್ದ ಅವರು ಇಲ್ಲಿ ಮಾತಿಗೆ ಬಂದರು. ಮೇಲೆ ನೀರನ್ನು ಒಂದು ಕೊಳದಲ್ಲಿ ನಿಲ್ಲಿಸಿಕೊಳ್ಳುತ್ತಾರೆ, ಅದೇ ಫೋರ್‌ಬೇ. ಅಲ್ಲಿ ಕಸಕಡ್ಡಿ ತಡೆಯಲು ಕಬ್ಬಿಣದ ಜಾಲರಿ ಇರುತ್ತದೆ. ಅದನ್ನು ದಾಟಿದ ನೀರು ಪೆನ್‌ಸ್ಟಾಕಿಗೆ, ಎಂದರೆ ಟರ್ಬೈನಿಗೆ ನೀರು ಒಯ್ಯುವ ದೊಡ್ಡ ಕೊಳವೆಗೆ, ಇಳಿಯುತ್ತದೆ. ಟರ್ಬೈನನ್ನು ತಿರುಗಿಸಿ ಕೆಲಸ ಮುಗಿಸಿದ ನೀರು ಟೈಲ್‌ರೇಸ್ ಎಂಬ ಹೊರಹರಿವಿನ ಕಾಲುವೆಯಿಂದ ನದಿಗೆ ಸೇರುತ್ತದೆ. ಇಷ್ಟನ್ನು ಅವರು ಖಾಲಿ ಬಂಡೆಯ ಮೇಲೆ ಬೆರಳಿಟ್ಟು ತೋರಿಸುತ್ತ ಹೋದಂತೆ, ಇಲ್ಲದ ಕಟ್ಟಡ ನನ್ನ ಕಣ್ಣ ಮುಂದೆ ಎದ್ದು ನಿಂತಿತು. ‘ಇಲ್ಲಿಯ ಚಳಿಗೆ ಜಾಲರಿಗೆ ಮಂಜುಗಡ್ಡೆ ಕಟ್ಟಿಕೊಳ್ಳುತ್ತಿತ್ತಲ್ಲ, ಅದನ್ನು ಬಿಡಿಸುವವರ ಪಾಡು ಯೋಚಿಸು’ ಎಂದರು. ಅಲ್ಲಿಯವರೆಗೆ ನಾನು ಯಂತ್ರಗಳ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ.

ಕೇಂದ್ರ ಹಂತಹಂತವಾಗಿ ಬೆಳೆಯಿತು. ಮೊದಲ ಪುಟ್ಟ ಕಟ್ಟಡದ ಬಳಿಕ ಎರಡನೆಯದು, ಆಮೇಲೆ ಇಂದು ನಾವು ನೋಡುವ ಅವಶೇಷಗಳಿಗೆ ಸೇರಿದ ಮೂರನೆಯದು ಬಂದವು. ಮೂರನೆಯದಕ್ಕೆ ಮೂರು ಭಾಗಗಳು: 3ಎ, 3ಬಿ, 3ಸಿ. ಕೊನೆಯದು 1924ರಲ್ಲಿ ಮುಗಿದಾಗ ಬಂಡೆಯ ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದ ಈ ಮೂರೂ ಸೇರಿ ಸುಮಾರು 4.5 ಲಕ್ಷ ಅಶ್ವಶಕ್ತಿಯ ಸಾಮರ್ಥ್ಯ ಹೊಂದಿದ್ದವು. 3ಎಯಲ್ಲಿ ಸಣ್ಣ ಯಂತ್ರಗಳು ಸಾಲಾಗಿದ್ದರೆ, 3ಸಿಯ ಒಂದೊಂದು ಯಂತ್ರವೇ 70,000 ಅಶ್ವಶಕ್ತಿಯದು. ಒಂದೇ ಕಟ್ಟಡದ ಉದ್ದಕ್ಕೆ ನಡೆದರೆ ಯಂತ್ರವಿದ್ಯೆ ಇಪ್ಪತ್ತು ವರ್ಷಗಳಲ್ಲಿ ಎಷ್ಟು ದೂರ ಬಂತೆಂದು ಕಾಣುವಂತಿತ್ತು. ಅಲ್ಯೂಮಿನಿಯಂ, ಸಾಣೆಗೆ ಬಳಸುವ ಕಾರ್ಬೊರಂಡಂ, ನಾನಾ ರಾಸಾಯನಿಕಗಳು ಹೀಗೆ ವಿದ್ಯುತ್ತನ್ನೇ ಕಚ್ಚಾವಸ್ತುವಿನಂತೆ ತಿನ್ನುವ ಕಾರ್ಖಾನೆಗಳು ನಯಾಗರಕ್ಕೆ ಬಂದು ನೆಲೆಸಿದ್ದು ಈ ನೀರಿನ ಬಲದಿಂದಲೇ.

1956ರ ಜೂನ್ 7ರ ಬೆಳಗ್ಗೆ ಕೇಂದ್ರದ ಹಿಂಗೋಡೆಯಲ್ಲಿ, ಎಂದರೆ ಬಂಡೆಗೆ ಆತುಕೊಂಡಿದ್ದ ಗೋಡೆಯಲ್ಲಿ, ಬಿರುಕುಗಳಿಂದ ನೀರು ಒಸರುವುದು ಕೆಲಸಗಾರರ ಕಣ್ಣಿಗೆ ಬಿತ್ತು. ಹಗಲು ಏರಿದಂತೆ ಬಿರುಕುಗಳು ಹಿಗ್ಗಿದವು. ಮರಳು ಚೀಲಗಳನ್ನು ಒಟ್ಟಿ ನೀರನ್ನು ತಡೆಯುವ ಪ್ರಯತ್ನ ನಡೆಯಿತು. ಸಂಜೆ ಐದರ ಸುಮಾರಿಗೆ ಬಂಡೆಯೂ ಗೋಡೆಯೂ ಒಟ್ಟಿಗೆ ಬಿಟ್ಟುಕೊಟ್ಟು, 3ಬಿ ಮತ್ತು 3ಸಿ ಭಾಗಗಳು, ಅಂದರೆ ಕಟ್ಟಡದ ಮೂರರಲ್ಲಿ ಎರಡು ಪಾಲು, ನದಿಗೆ ಜಾರಿದವು. ಕಲ್ಲುಚೂರುಗಳು ಕೆನಡಾದ ದಡದವರೆಗೂ ಸಿಡಿದವು. ಒಳಗೆ ಸುಮಾರು ನಲವತ್ತು ಮಂದಿ ಇದ್ದರು. ಒಬ್ಬರು ಜೀವ ಕಳೆದುಕೊಂಡರು, ಉಳಿದವರು ಓಡಿ ಪಾರಾದರು. ನಷ್ಟವನ್ನು ಆಗಿನ ಲೆಕ್ಕದಲ್ಲಿ ಹತ್ತು ಕೋಟಿ ಡಾಲರ್ ಎಂದು ಅಂದಾಜಿಸಲಾಯಿತು. ನದಿ ಎಂದಿನಂತೆ ಹರಿಯುತ್ತಿತ್ತು, ಮೇಲಿನ ಜಲಪಾತಕ್ಕೆ ಏನೂ ಆಗಿರಲಿಲ್ಲ, ಆದರೆ ಆ ನೀರನ್ನು ಬೆಳಕಾಗಿಸುತ್ತಿದ್ದ ಮನೆ ಅರ್ಧ ದಿನದೊಳಗೆ ಇಲ್ಲವಾಯಿತು.

ಏಕೆ ಹೀಗಾಯಿತು ಎಂಬುದಕ್ಕೆ ಅರ್ಧ ಉತ್ತರ ಬಂಡೆಯಲ್ಲೇ ಬರೆದಿದೆ, ಅದನ್ನು ಓದಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಮೇಲೆ ದಪ್ಪನೆಯ, ಗಟ್ಟಿಯಾದ ಲಾಕ್‌ಪೋರ್ಟ್ ಡಾಲೊಮೈಟ್ ಸುಣ್ಣಶಿಲೆಯ ಪದರವಿದೆ. ಅದರ ಕೆಳಗೆ ರೋಚೆಸ್ಟರ್ ಶೇಲ್ ಎಂಬ ಮೆದುವಾದ ಜೇಡಿಶಿಲೆ. ಇನ್ನೂ ಕೆಳಗೆ ಸುಣ್ಣಕಲ್ಲು, ಮರಳುಗಲ್ಲು, ಮತ್ತೆ ಜೇಡಿಶಿಲೆ ಹೀಗೆ ಗಟ್ಟಿ, ಮೆದು ಪದರಗಳು ಒಂದರ ಮೇಲೊಂದು ಕೂತಿವೆ. ಗಟ್ಟಿ ಪದರದಲ್ಲಿ ಸೀಳುಗಳಿರುತ್ತವೆ, ನೀರು ಆ ಸೀಳುಗಳಲ್ಲಿ ಇಳಿದು ಮೆದು ಪದರದ ಮೇಲೆ ತಡೆದು ಪಕ್ಕಕ್ಕೆ ಹೊರಳುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸೀಳನ್ನು ಅಗಲಿಸುತ್ತದೆ, ಮೆದು ಪದರವನ್ನು ಚೂರುಚೂರಾಗಿ ಉದುರಿಸುತ್ತದೆ; ಬುಡ ಸವೆದ ಮೇಲೆ ಗಟ್ಟಿ ಪದರ ತನ್ನ ಭಾರಕ್ಕೆ ತಾನೇ ಮುರಿದು ಬೀಳುತ್ತದೆ. ನಯಾಗರ ಜಲಪಾತ ಸಾವಿರಾರು ವರ್ಷಗಳಿಂದ ಹಿಂದೆ ಸರಿಯುತ್ತ ಈ ಕಮರಿಯನ್ನು ಕೊರೆದದ್ದೂ ಇದೇ ಬಗೆಯಲ್ಲಿ. ಕೇಂದ್ರ ಕುಸಿಯುವ ಎರಡು ವರ್ಷ ಮೊದಲು, 1954ರಲ್ಲಿ, ಹತ್ತಿರದ ಪ್ರಾಸ್ಪೆಕ್ಟ್ ಪಾಯಿಂಟಿನ ದೊಡ್ಡ ತುಂಡೊಂದು ಕಳಚಿ ಬಿದ್ದಿತ್ತು. ಅಂಥ ಬಂಡೆಯ ನೆತ್ತಿಯ ಮೇಲೆ ಕಾಲುವೆಯ ನೀರನ್ನು ನಿಲ್ಲಿಸಿ, ಬುಡದಲ್ಲಿ ಕಟ್ಟಡ ಕಟ್ಟಿ, ನಡುವಿನ ಸೋರಿಕೆಯೊಡನೆ ದಶಕಗಟ್ಟಲೆ ಬಾಳುವುದೆಂದರೆ ಪ್ರತಿದಿನವೂ ಆ ಬಂಡೆಯ ನಾಡಿ ಹಿಡಿದು ಕೂರುವ ಕೆಲಸ.

ಕುಸಿತದ ಕಥೆಯನ್ನು ನಾನು ಹೇಳಿ ಮುಗಿಸಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಬೆಳಗ್ಗೆ ಒಸರುತ್ತಿತ್ತು ಎಂದೆಯಲ್ಲ, ಆ ನೀರು ತಿಳಿಯಾಗಿತ್ತೋ, ಕದಡಿತ್ತೋ?’ ಸೋರದ ಕಟ್ಟೆಯೆಂಬುದು ಎಲ್ಲೂ ಇಲ್ಲ ಎಂದು ಅವರು ವಿವರಿಸಿದರು. ಒಳಗಿನ ಸುರಂಗದಲ್ಲಿ ಸೋರಿಕೆಯ ನೀರನ್ನೆಲ್ಲ ಒಂದು ಸಣ್ಣ ಕಾಲುವೆಗೆ ಕೂಡಿಸಿ, ವಿ ಆಕಾರದ ಕಚ್ಚಿನ ಮೂಲಕ ಹರಿಯಬಿಟ್ಟು, ಅಲ್ಲಿನ ನೀರಿನ ಎತ್ತರದಿಂದ ಸೋರಿಕೆಯ ಪ್ರಮಾಣವನ್ನು ಅಳೆದು ಪುಸ್ತಕದಲ್ಲಿ ಬರೆದಿಡುವುದು ಪ್ರತಿ ಪಾಳಿಯ ಕೆಲಸವಾಗಿತ್ತಂತೆ. ಪ್ರಮಾಣ ಎಷ್ಟೇ ಇರಲಿ, ಅದು ದಿನದಿಂದ ದಿನಕ್ಕೆ ಒಂದೇ ಸಮನಾಗಿ, ತಿಳಿಯಾಗಿ ಬರುತ್ತಿದ್ದರೆ ಭಯವಿಲ್ಲ. ಹಠಾತ್ತನೆ ಏರಿದರೆ, ಅಥವಾ ನೀರು ಕದಡಿ ಬಂದರೆ, ಅದು ಒಳಗಿನ ಮಣ್ಣನ್ನೋ ಗಾರೆಯನ್ನೋ ಹೊತ್ತು ತರುತ್ತಿದೆ ಎಂದರ್ಥ, ಆಗ ಮೇಲಿನವರನ್ನು ನಿದ್ದೆಯಿಂದ ಎಬ್ಬಿಸಲೇಬೇಕು. ಹೀಗೆ ಹೇಳುತ್ತಲೇ ಅವರು ಗೋಡೆಯ ಹತ್ತಿರಕ್ಕೆ ಹೋಗಿ, ಕೈಗೆಟುಕುವಲ್ಲಿ ಇಳಿಯುತ್ತಿದ್ದ ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ‘ತಿಳಿಯಾಗಿದೆ’ ಎಂದರು. ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೂ, ತನ್ನದಲ್ಲದ ಕೇಂದ್ರದ, ಬಿದ್ದುಹೋದ ಗೋಡೆಯ ಸೋರಿಕೆಯನ್ನು ಅವರು ಪರೀಕ್ಷಿಸಿದ ಆ ಗಳಿಗೆಗಾಗಿಯೇ ನಾನು ಈ ಜಾಗಕ್ಕೆ ಕೃತಜ್ಞನಾಗಿದ್ದೇನೆ.

ಕುಸಿತದ ನಂತರ ಉಳಿದ 3ಎ ಭಾಗ ರಿಪೇರಿಯಾಗಿ ಕೆಲವು ವರ್ಷ ನಡೆಯಿತು. ಅಷ್ಟರಲ್ಲಿ ಕಾರ್ಖಾನೆಗಳ ವಿದ್ಯುತ್ ಹಸಿವು ದೊಡ್ಡ ತೀರ್ಮಾನವೊಂದನ್ನು ಬೇಗ ಮಾಡಿಸಿತು. 1957ರಲ್ಲಿ ಅಮೆರಿಕದ ಸಂಸತ್ತು ನಯಾಗರ ಪುನರಭಿವೃದ್ಧಿ ಕಾಯಿದೆಗೆ ಒಪ್ಪಿಗೆ ನೀಡಿತು, 1961ರಲ್ಲಿ ಲೂಯಿಸ್ಟನ್ ಬಳಿ ರಾಬರ್ಟ್ ಮೋಸೆಸ್ ವಿದ್ಯುತ್ ಕೇಂದ್ರ ಚಾಲನೆಗೊಂಡಿತು. ಅಲ್ಲಿಗೆ ನೀರು ನಗರದ ಅಡಿಯ ಎರಡು ಬೃಹತ್ ಕೊಳವೆದಾರಿಗಳಲ್ಲಿ ನಾಲ್ಕು ಮೈಲಿ ಹರಿದು ಹೋಗುತ್ತದೆ. ಜಲಪಾತದ ಧುಮುಕಿನ ಜೊತೆಗೆ ಕೆಳಗಿನ ರಭಸದ ಇಳಿಜಾರನ್ನೂ ಸೇರಿಸಿಕೊಳ್ಳುವುದರಿಂದ ಅಲ್ಲಿ ಸಿಗುವ ಎತ್ತರ ಸುಮಾರು 300 ಅಡಿ. ಆ ಕೇಂದ್ರ ಬಂದ ಮೇಲೆ ಶೋಲ್ಕಾಫ್‌ನ ಕೆಲಸ ಮುಗಿಯಿತು. ಉಳಿದ ಕಟ್ಟಡವನ್ನು ಕೆಡವಿದರು, ಹಳೆಯ ಕಾಲುವೆಯನ್ನು ಮುಚ್ಚಿದರು. ಇಂದು ಊರಿನಲ್ಲಿ ನಡೆಯುವಾಗ ಅಲ್ಲೊಂದು ಕಾಲುವೆ ಇತ್ತೆಂದು ಯಾರೂ ಊಹಿಸಲಾರರು. ಈ ಅವಶೇಷದ ಜಾಗಕ್ಕೆ 2013ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು.

ಅದೇ ಹೊತ್ತಿಗೆ ಕಮರಿಯ ತಳಕ್ಕೆ ಹೊಸ ಬಳಕೆಯೂ ಬಂತು. ನಯಾಗರದ ಪ್ರಸಿದ್ಧ ದೋಣಿಗಳನ್ನು ಚಳಿಗಾಲದಲ್ಲಿ ನೀರಿನಿಂದ ಮೇಲೆತ್ತಿ ಇಡುವ ನೆಲೆ ಈಗ ಇದೇ ಅವಶೇಷಗಳ ಮಗ್ಗುಲಲ್ಲಿದೆ. ಆ ಕೆಲಸಕ್ಕಾಗಿ ನಡೆದ ಕಾಮಗಾರಿಯ ದೆಸೆಯಿಂದಲೇ ಸಾರ್ವಜನಿಕರೂ ಇಲ್ಲಿಗೆ ಇಳಿದು ಬರುವಂತಾಯಿತು. 2020ರಿಂದ ಇಲ್ಲಿ ಓಡುವ ಎರಡು ದೋಣಿಗಳು ಪೂರ್ತಿ ಬ್ಯಾಟರಿಯಿಂದ ನಡೆಯುವಂಥವು. ಒಂದರ ಹೆಸರು ನಿಕೋಲಾ ಟೆಸ್ಲಾ. ಒಂದು ಸುತ್ತು ಮುಗಿಸಿ ಜನರು ಇಳಿದು ಹತ್ತುವ ಕೆಲವೇ ನಿಮಿಷಗಳಲ್ಲಿ ಅವು ದಡದಲ್ಲಿ ಚಾರ್ಜ್ ಆಗುತ್ತವೆ, ಆ ವಿದ್ಯುತ್ತೂ ಇದೇ ನದಿಯದು. ಜಲಪಾತದ ಬಳಿಯ ದೋಣಿಯಲ್ಲಿ ಕೂತಾಗ ಇಂಜಿನ್ನಿನ ಸದ್ದಿಲ್ಲದೆ ನೀರಿನ ಸದ್ದು ಮಾತ್ರ ಕೇಳಿಸಿದ್ದರ ಅರ್ಥ ನನಗೆ ಈ ಗೋಡೆಯ ಬಳಿ ಬಂದ ಮೇಲೆ ಹೊಳೆಯಿತು.

ಈಗ ಕೊರತೆಗಳ ಮಾತು. ಮಾಹಿತಿ ಫಲಕಗಳು ಘಟನೆಯನ್ನು ಹೇಳುತ್ತವೆಯೇ ಹೊರತು, ಕೇಂದ್ರ ಕೆಲಸ ಮಾಡುತ್ತಿದ್ದ ಬಗೆಯನ್ನು ನಮ್ಮ ಅಪ್ಪ ತೋರಿಸಿದಂತೆ ತೋರಿಸುವುದಿಲ್ಲ. ಯಾವ ಗೋಡೆ ಯಾವ ಭಾಗಕ್ಕೆ ಸೇರಿದ್ದು, ಪೆನ್‌ಸ್ಟಾಕುಗಳು ಎಲ್ಲಿಂದ ಇಳಿಯುತ್ತಿದ್ದವು, ಯಂತ್ರಗಳ ನೆಲದ ಮಟ್ಟ ಯಾವುದಿತ್ತು ಎಂಬುದನ್ನು ಬಂಡೆಯ ಎದುರೇ ಒಂದು ದೊಡ್ಡ ರೇಖಾಚಿತ್ರದಲ್ಲಿ ಬಿಡಿಸಿಟ್ಟಿದ್ದರೆ, ಬಂದ ಪ್ರತಿಯೊಬ್ಬರೂ ಕಣ್ಣಿನಿಂದಲೇ ಕಟ್ಟಡವನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದರು. ನಾವು ಅಲ್ಲಿದ್ದಷ್ಟು ಹೊತ್ತಿನಲ್ಲಿ ಹಲವು ಕುಟುಂಬಗಳು ಇಳಿದು ಬಂದು, ನದಿಯ ಮುಂದೆ ಫೋಟೊ ತೆಗೆದುಕೊಂಡು, ಗೋಡೆಗೆ ಬೆನ್ನು ಹಾಕಿಕೊಂಡೇ ಮರಳಿದವು. ಅದು ಅವರ ತಪ್ಪಲ್ಲ, ಹಿಂದಿರುಗಿ ನೋಡಿ ಎಂದು ಹೇಳುವವರು ಅಲ್ಲಿ ಬೇಕು. ವಾರಾಂತ್ಯದಲ್ಲಾದರೂ ಒಬ್ಬ ತಿಳಿದ ಮಾರ್ಗದರ್ಶಿ ಇದ್ದರೆ ಈ ಜಾಗದ ಬೆಲೆ ಹತ್ತು ಪಟ್ಟು ಏರುತ್ತದೆ. ಕೂರಲು ನೆರಳಿನ ಆಸರೆಯೂ ಸಾಲದು. ಮಧ್ಯಾಹ್ನದ ಹೊತ್ತು ಸೂರ್ಯ ಪಶ್ಚಿಮಕ್ಕೆ ವಾಲಿದ ಮೇಲೆ ಬಿಸಿಲು ನೇರವಾಗಿ ಇದೇ ಗೋಡೆಗೆ ಬಡಿಯುತ್ತದೆ. ಕಲ್ಲಿನ ಉಳಿಗೆರೆಗಳು ಆ ಬೆಳಕಿನಲ್ಲಿ ಚೆನ್ನಾಗಿ ಕಾಣುವುದು ನಿಜ, ಆದರೆ ವಯಸ್ಸಾದವರಿಗೆ ಕಷ್ಟ.

ಇದೇ ಊರಿನಲ್ಲಿ ವಿದ್ಯುತ್ತಿನ ಹಳೆಯ ಗುರುತುಗಳು ಇನ್ನೂ ಇವೆ, ಅವುಗಳೊಡನೆ ಹೋಲಿಸಿ ಹೇಳುವುದಾದರೆ ಶೋಲ್ಕಾಫ್‌ನ ಸ್ಥಾನ ಬೇರೆಯದೇ. 1895ರಲ್ಲಿ ಶುರುವಾಗಿ, ಮರುವರ್ಷದ ನವೆಂಬರಿನಲ್ಲಿ ಬಫಲೋ ನಗರಕ್ಕೆ ಟೆಸ್ಲಾ ಮಾದರಿಯ ಪರ್ಯಾಯ ವಿದ್ಯುತ್ತನ್ನು ಕಳುಹಿಸಿ ಹೆಸರುವಾಸಿಯಾದ ಆಡಮ್ಸ್ ಕೇಂದ್ರದ ಕಲ್ಲಿನ ಕಮಾನು ಈಗ ಗೋಟ್ ದ್ವೀಪದಲ್ಲಿದೆ. ಸುಂದರವಾದ ಕೆಲಸ, ಆದರೆ ಸ್ವಂತ ಜಾಗದಿಂದ ಕಿತ್ತು ತಂದು ನಿಲ್ಲಿಸಿದ್ದರಿಂದ ಅದು ಸ್ಮಾರಕವಷ್ಟೆ, ನೀರಿಗೂ ಅದಕ್ಕೂ ಈಗ ಸಂಬಂಧವಿಲ್ಲ. ಕೆನಡಾ ದಡದಲ್ಲಿ 1905ರಿಂದ 2006ರವರೆಗೆ ದುಡಿದ ಕೇಂದ್ರವೊಂದನ್ನು ಜೋಪಾನವಾಗಿ ಉಳಿಸಿ, 2021ರಿಂದ ಜನರಿಗೆ ತೆರೆದಿದ್ದಾರೆ. ಅಲ್ಲಿ ಜನರೇಟರುಗಳು ಸಾಲಾಗಿ ನಿಂತಿವೆ, 2,200 ಅಡಿ ಉದ್ದದ ಹೊರಹರಿವಿನ ಸುರಂಗದಲ್ಲಿ ನಡೆದುಹೋಗಿ ಕುದುರೆಲಾಳ ಜಲಪಾತದ ಬುಡದ ಬಳಿ ಹೊರಬರಬಹುದು. ಯಂತ್ರಗಳನ್ನು ನೋಡುವ ಆಸೆಯಿದ್ದವರಿಗೆ ಅದೇ ಮೇಲು, ಮಕ್ಕಳಿಗೂ ಅದೇ ಹೆಚ್ಚು ಹಿಡಿಸುತ್ತದೆ. ಅಮೆರಿಕದ ವೀಸಾ ಮಾತ್ರ ಇರುವ ನಮ್ಮವರು ಸೇತುವೆ ದಾಟಲು ಕೆನಡಾದ ವೀಸಾವನ್ನೂ ಮೊದಲೇ ಮಾಡಿಸಿಕೊಂಡಿರಬೇಕು, ಅಷ್ಟೆ. ಆದರೆ ಉಳಿಸಿದ ಕಟ್ಟಡ ಗೆಲುವಿನ ಅರ್ಧವನ್ನು ಮಾತ್ರ ಹೇಳುತ್ತದೆ. ನೀರನ್ನು ಹಿಡಿದವರಿಗೆ ಅದರ ಬಗ್ಗೆ ಸದಾ ಇರಬೇಕಾದ ಎಚ್ಚರ ಏನೆಂಬುದನ್ನು ನಾನು ಕಂಡದ್ದು ಶೋಲ್ಕಾಫ್‌ನ ಮುರಿದ ಕಲ್ಲುಸಾಲಿನಲ್ಲಿ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ನಂಟೂ ನೆನಪಾಗದೆ ಇರದು. ಆಡಮ್ಸ್ ಕೇಂದ್ರದ ವಿದ್ಯುತ್ ಬಫಲೋ ತಲುಪಿದ ಆರೇ ವರ್ಷಗಳಲ್ಲಿ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರಕ್ಕೆ ವಿದ್ಯುತ್ ಹರಿಯಿತು. ನಯಾಗರದಿಂದ ಬಫಲೋಗೆ ಇರುವ ದೂರ ಇದರ ಮೂರರಲ್ಲಿ ಒಂದು ಪಾಲೂ ಇಲ್ಲ. ಎರಡೂ ಕಡೆ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 25 ಸೈಕಲ್ಲುಗಳೇ ಆಗಿತ್ತು ಎಂದು ಅಪ್ಪ ಹೇಳಿದಾಗ, ಆ ಮುರಿದ ಗೋಡೆ ಒಮ್ಮೆಲೇ ಪರಿಚಿತರ ಮನೆಯ ಗೋಡೆಯಂತೆ ಕಂಡಿತು.

ಹೋಗುವವರಿಗೆ ಕೆಲವು ಮಾತು. ಲಿಫ್ಟ್ ವರ್ಷವಿಡೀ ನಡೆಯುತ್ತದೆಂದು ನಂಬಿ ಹೋಗಬೇಡಿ, ಆ ದಿನದ ಸಮಯವನ್ನು ಮೊದಲೇ ಕೇಳಿಕೊಳ್ಳಿ. ಚಳಿಗಾಲದಲ್ಲಿ ದೋಣಿಗಳನ್ನು ಹತ್ತಿರದಿಂದ ನೋಡಬಹುದೆಂಬ ಆಸೆಯಿದ್ದರೆ ಈ ವಿಚಾರಣೆ ಇನ್ನೂ ಮುಖ್ಯ. ಜಲಪಾತದ ತುಂತುರು ಇಷ್ಟು ದೂರ ಬರುವುದಿಲ್ಲ, ಆದರೂ ಗೋಡೆಯ ಬುಡದ ನೆಲ ಅಲ್ಲಲ್ಲಿ ತೇವವಾಗಿರುತ್ತದೆ, ಜಾರದ ಪಾದರಕ್ಷೆ ಹಾಕಿಕೊಳ್ಳಿ. ಬೇಲಿಯನ್ನು ದಾಟಿ ಬಂಡೆಯ ಅಡಿಗೆ ಹೋಗುವ ಹುಮ್ಮಸ್ಸು ಬೇಡವೇ ಬೇಡ, ಈ ಬಂಡೆ ಇಂದಿಗೂ ಕಲ್ಲು ಉದುರಿಸುತ್ತದೆ. ಬೈನಾಕ್ಯುಲರ್ ಇದ್ದರೆ ತನ್ನಿ, ಎತ್ತರದಲ್ಲಿ ಉಳಿದಿರುವ ಕಲ್ಲುಗೆಲಸ ಬರಿಗಣ್ಣಿಗಿಂತ ಅದರಲ್ಲಿ ಚೆನ್ನಾಗಿ ಸಿಗುತ್ತದೆ, ಜೊತೆಗೆ ಕಮರಿಯ ಕಡಲಕ್ಕಿಗಳೂ ಸಿಗುತ್ತವೆ. ಚಳಿಗಾಲದ ಆರಂಭದಲ್ಲಿ ಹಲವು ಜಾತಿಯ ಕಡಲಕ್ಕಿಗಳು ಇಲ್ಲಿ ಸೇರುವುದರಿಂದ ಪಕ್ಷಿವೀಕ್ಷಕರಿಗೆ ಈ ಕಮರಿ ಬಹಳ ಹೆಸರಾದ ಜಾಗ. ಮೇಲೆ ಬಂದ ಬಳಿಕ ಕಾರು ಇದ್ದರೆ ಉತ್ತರಕ್ಕೆ ನಾಲ್ಕೈದು ಮೈಲಿ ಹೋಗಿ, ರಾಬರ್ಟ್ ಮೋಸೆಸ್ ಕೇಂದ್ರದ ಪವರ್ ವಿಸ್ಟಾ ಎಂಬ ವೀಕ್ಷಣಾಲಯವನ್ನು ಅದೇ ದಿನ ನೋಡಿಕೊಳ್ಳಿ. ಹಳೆಯದನ್ನು ನೋಡಿ ಹೊಸದಕ್ಕೆ ಹೋಗುವುದು ಸರಿಯಾದ ಕ್ರಮ. ನಾವು ಅದನ್ನು ಉಲ್ಟಾ ಮಾಡಿದ್ದೆವು, ಅದರಿಂದಾಗಿ ಬೆಳಗ್ಗೆ ಅಲ್ಲಿ ಕಂಡ ಹದಿಮೂರು ದೈತ್ಯ ಪೆನ್‌ಸ್ಟಾಕುಗಳ ಬಗ್ಗೆ ಅಪ್ಪನಿಗೆ ಕೇಳಬೇಕೆನಿಸಿದ ಪ್ರಶ್ನೆಗಳೆಲ್ಲ ಸಂಜೆ, ಲಿಫ್ಟಿಗೆ ಕಾಯುತ್ತ ನಿಂತಾಗ, ಒಂದೊಂದಾಗಿ ನೆನಪಾಗತೊಡಗಿದವು.